ಬಲಗಡೆಯ ಸೀಟು

ಉಗಿ ಬಿಡುವ ಹಿಡಿಕೆ ಕೈಗೆ ಸಿಗದಾಗಲೆಲ್ಲ ಮೀನಾಕ್ಷಿ ತನ್ನ ಗಿಡ್ಡ ಮೈಯನ್ನೇ ಬೈದುಕೊಳ್ಳುತ್ತಿದ್ದಳು. ಈ ಭಾನುವಾರ ಬೆಳಿಗ್ಗೆಯೂ ಬೈದುಕೊಂಡಳು. ಸೀಟಿನ ಮೇಲೆ ಕೂತು ಕೈ ಚಾಚಿದರೆ ಬೆರಳ ತುದಿಗೆ ಬರೀ ಗಾಳಿ; ಎದ್ದು ಒಂದು ಹೆಜ್ಜೆ ಇಟ್ಟು ಹಿಡಿಕೆ ಎಳೆದರೆ ಎದುರಿನ ಟಿ.ವಿ.ಯಲ್ಲಿ ಬಳ್ಳಾರಿ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಮೆಲ್ಲಗೆ ಹಿಂದೆ ಸರಿಯತೊಡಗುತ್ತದೆ. ತಿರುಗಿ ಬಂದು ಕೂರುವುದರೊಳಗೆ ವೇಗ ಏರಿ, ಬ್ರೇಕಿಗೆಂದು ಮತ್ತೆ ಏಳಬೇಕು. ಹೀಗೆ ಎದ್ದು ಕೂತು, ಎದ್ದು ಕೂತು ರೈಲು ನಡೆಸಿದವರು ಎಲ್ಲಾದರೂ ಇದ್ದಾರೆಯೇ? ಹಾಗೆ ಕೇಳುವವರು ಇಲ್ಲಿಯ ತನಕ ಯಾರೂ ಬಂದಿರಲಿಲ್ಲ ಅಷ್ಟೆ. ಇವತ್ತು ಸಂಜೆ ಬರುವವರಿದ್ದರು.

ಸತ್ಯನಾರಾಯಣಪೇಟೆಯ ಆ ಮನೆಯ ಕಾರು ಬೀದಿಗೆ ಬಿದ್ದು ವರ್ಷಗಳೇ ಆಗಿದ್ದವು. ಶೆಡ್ಡಿನಲ್ಲಿ ಈಗ ಇದ್ದದ್ದು ಹಳೆಯ ಉಗಿಬಂಡಿಯ ಇಂಜಿನ್ನಿನ ಹಿಂಭಾಗ. ಡ್ರೈವರು ಮತ್ತು ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ನಿಲ್ಲುತ್ತಿದ್ದ ಕೋಣೆ, ನಿಜವಾದ ಅಳತೆಯಲ್ಲಿ. ಬಾಯ್ಲರಿನ ಬೆನ್ನನ್ನು ಕೌಲ್ ಬಜಾರಿನ ವೆಲ್ಡರ್ ಎರ್ರಿ ತಗಡು ಬಗ್ಗಿಸಿ ನಿಲ್ಲಿಸಿಕೊಟ್ಟಿದ್ದ. ಒಲೆಯ ಬಾಗಿಲು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಉಗಿಯ ಒತ್ತಡ ತೋರಿಸುವ ಮುಳ್ಳಿನ ಮೀಟರು, ಇವೆಲ್ಲ ಸಿರುಗುಪ್ಪದಲ್ಲಿ ಗಂಡನ ಮನೆಯವರ ಅಕ್ಕಿ ಗಿರಣಿಯಿಂದ ಬಂದವು. ಭತ್ತ ಬೇಯಿಸುತ್ತಿದ್ದ ಅಲ್ಲಿಯ ಬಾಯ್ಲರು ಸತ್ತ ಮೇಲೆ ಅದರ ಮೈಮೇಲಿನ ಒಡವೆಗಳನ್ನೆಲ್ಲ ಸೊಸೆ ಕಳಚಿಕೊಂಡು ಬಂದಳೆಂದು ಗಿರಣಿಯವರು ಈಗಲೂ ನಗುತ್ತಾರೆ. ಪ್ರತಿ ಹಿಡಿಕೆಯ ಬೆನ್ನಿಗೂ ಒಂದೊಂದು ತಂತಿ, ತಂತಿಗಳೆಲ್ಲ ಒಂದು ಕಂಪ್ಯೂಟರಿಗೆ. ಹಿಡಿಕೆ ಎಳೆದರೆ ಕಿಟಕಿಯ ಜಾಗದಲ್ಲಿಟ್ಟ ಟಿ.ವಿ.ಯಲ್ಲಿ ರೈಲು ಹೊರಡುತ್ತದೆ. ಒಲೆಯೊಳಗೆ ಕೆಂಪು ದೀಪ, ದೀಪದ ಕೆಳಗೆ ತೂಕದ ಹಲಗೆ; ಸಲಿಕೆಯಿಂದ ಇದ್ದಿಲು ಎಸೆದರೆ ಕಂಪ್ಯೂಟರು ಅದನ್ನು ಬೆಂಕಿಯೆಂದು ನಂಬಿ ಉಗಿಯ ಮುಳ್ಳನ್ನು ಮೇಲಕ್ಕೆ ಕಳಿಸುತ್ತದೆ. ಸಿರುಗುಪ್ಪದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಅವಧಿಗೆ ಮುಂಚೆಯೇ ಕೆಲಸ ಬಿಟ್ಟು ಬಂದ ಹೆಂಗಸು ಹೀಗೆ ಗ್ರೀಸು ಮೆತ್ತಿಕೊಂಡು ಕೂರುವ ಬದಲು ಮೊಮ್ಮಕ್ಕಳಿಗೆ ಸ್ವೆಟರು ಹೆಣೆಯಬಹುದಿತ್ತಲ್ಲ ಎಂದವರಿಗೆ ಅವಳು ಕೊಡುತ್ತಿದ್ದ ಉತ್ತರ ಒಂದೇ: ಬಳ್ಳಾರಿಯ ಬಿಸಿಲಿಗೆ ಸ್ವೆಟರು ಯಾರಿಗೆ ಬೇಕು.

ಅಳತೆಗಳೆಲ್ಲ ಅಪ್ಪನವು. ಫೋಟೋಗಳು, ನಕ್ಷೆಗಳು ಬೇಕಾದಷ್ಟು ಸಿಗುತ್ತಿದ್ದವು, ತೋರಿಸಿದರೆ ಅಪ್ಪ ಗಾದಿಲಿಂಗಪ್ಪ ಕನ್ನಡಕ ಏರಿಸಿ ನೋಡಿ, "ಈ ಇಂಜಿನ್ ಬ್ಯಾರೆ, ನಮ್ಮ ರೈಲ್ವೆ ಶೆಡ್ಡಿನ ಇಂಜಿನ್ ಬ್ಯಾರೆ. ನಮ್ಮಲ್ಲಿ ಎಲ್ಲಾ ರಿಪೇರಿ ಮಾಡಿ ಮಾಡಿ ಒಂದೊಂದಕ್ಕ ಒಂದೊಂದು ಮುಖ ಬಂದಿತ್ತು" ಅಂದಿದ್ದ. ಅವಳಿಗೆ ಅದೇ ಬೇಕಿತ್ತು. ಎಲ್ಲೋ ಬಣ್ಣ ಬಳಿದು ನಿಲ್ಲಿಸಿದ ಇಂಜಿನ್ನಿನ ನಕಲು ಯಾರಿಗೆ ಬೇಕು, ಅಪ್ಪ ನಿಂತ ಜಾಗವೇ ಬೇಕು. ಖಾಲಿ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, "ಯಪ್ಪಾ, ನೀ ಕುಂದ್ರುತಿದ್ದಲ್ಲಿ ಕುಂದ್ರು. ಕಣ್ಣು ಮುಚ್ಚಿ ಕೈ ಚಾಚು, ಎಲ್ಲೆಲ್ಲಿ ಏನೇನಿತ್ತು ತೋರ್ಸು" ಅಂದಿದ್ದಳು. ಮುದುಕ ಕುರ್ಚಿಯನ್ನು ಬಲಗಡೆಗೆ ಎಳೆದುಕೊಂಡು ಕೂತ. ಕಣ್ಣು ಮುಚ್ಚಿದ. ನಡುಗುವ ಕೈ ಗಾಳಿಯಲ್ಲಿ ಮೇಲೆದ್ದು ಒಂದು ಕಡೆ ಗಕ್ಕನೆ ನಿಂತಿತು. "ನೀರಿನ ಗಾಜು." ಅವಳು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದಳು. ಆ ದಿನ ಅವಳಿಗೆ ಬಂದ ಸಂತೋಷಕ್ಕೆ ಲೆಕ್ಕವಿಲ್ಲ. ತಲೆ ಮರೆತೀತು, ಕೈ ಮರೆಯುವುದಿಲ್ಲ ಎಂದು ಗಂಡನ ಮುಂದೆ ಪಾಠ ಮಾಡಿದ್ದಳು. ಇಂಜಿನ್ ಡ್ರೈವರು ಎಡಗಡೆ ಕೂರುತ್ತಾನೆ ಎಂದು ಎಲ್ಲೋ ಓದಿದ್ದು ನೆನಪಿತ್ತು. ಆದರೆ ಮೂವತ್ತು ವರ್ಷ ಇಂಜಿನ್ ಓಡಿಸಿದ ಅಪ್ಪ ಬಲಗಡೆ ಕೂತು ತೋರಿಸುವಾಗ ಓದಿದ್ದನ್ನು ಯಾರು ನಂಬುತ್ತಾರೆ?

ಟಿ.ವಿ. ಒಮ್ಮೆಲೇ ಕಪ್ಪಾಯಿತು. ಎಲ್ಲೋ ತಂತಿ ಸಡಿಲ. ಹುಡುಕುತ್ತ ಎಡಗಡೆಯ ಮೂಲೆಗೆ ಬಗ್ಗಿದವಳಿಗೆ ಮೊಣಕಾಲು ಹಿಡಿದುಕೊಂಡಿತು. ಅಲ್ಲಿದ್ದ ಹಲಗೆಯ ಮೇಲೆ ಕೂತಳು. ಆ ಕಡೆ ಇನ್ನೊಂದು ಸೀಟಿತ್ತು ಎಂದು ಅಪ್ಪ ಅಂದಿದ್ದಕ್ಕೆ ಹೆಸರಿಗೆ ಹಾಕಿದ ಹಲಗೆ ಅದು. ಉಸಿರು ಬಿಟ್ಟು, ಆಧಾರಕ್ಕೆಂದು ನೋಡದೆಯೇ ಬಲಗೈ ಮೇಲೆತ್ತಿದಳು. ಕೈ ಉಗಿಯ ಹಿಡಿಕೆಯ ಮೇಲೆ ಬಿತ್ತು. ಅಂಗೈ ತುಂಬ ಬಿತ್ತು. ಎಡಗೈ ತಾನಾಗಿ ಮುಂದಕ್ಕೆ ಹೋಯಿತು, ಅಲ್ಲಿ ಬ್ರೇಕಿತ್ತು. ಕಾಲು ಚಾಚುವಷ್ಟು ಜಾಗ ಸರಿಯಾಗಿ ಇತ್ತು, ಮೀಟರಿನ ಮುಳ್ಳು ನೇರ ಕಣ್ಣಿಗೆ ಬರುತ್ತಿತ್ತು. ಯಾವುದೂ ದೂರವಿರಲಿಲ್ಲ, ಅವಳೂ ಗಿಡ್ಡವಾಗಿರಲಿಲ್ಲ. ಎದುರು ಬದಿಯ ಸೀಟನ್ನು, ತಾನು ಡ್ರೈವರ್ ಸೀಟೆಂದು ಕುಶನ್ ಹಾಕಿ ಸಿಂಗರಿಸಿದ ಬಲಗಡೆಯ ಸೀಟನ್ನು ನೋಡಿದಳು. ಅದರ ಸುತ್ತ ಇದ್ದದ್ದು ನೀರಿನ ಗಾಜು, ನೀರು ಬಿಡುವ ತಿರುಪು, ಒಲೆಯ ಬಾಗಿಲಿನ ಸರಪಳಿ, ಸಲಿಕೆ. ಅಪ್ಪ ಹೇಳಿದ ಮಾತುಗಳು ಒಂದೊಂದಾಗಿ ಬೇರೆಯೇ ಅರ್ಥದಲ್ಲಿ ಎದ್ದು ಬಂದವು. "ಹಿಡಿಕಿ ಮ್ಯಾಲೆ ಕೈ ಹಿಂಗ ಇರ್ತಿತ್ತು." "ಬ್ರೇಕ್ ಹಾಕುವಾಗ ಮುಂಗೈ ನರ ಎದ್ದು ಕಾಣ್ತಿದ್ದುವು." ತನ್ನ ಮುಂಗೈಯ ನರವನ್ನು ಯಾರು ಹಾಗೆ ನೋಡಿಕೊಂಡಾರು? ಅದು ಬೇರೆಯವನ ಕೈ. ಸಲಿಕೆಯ ಮಾತು ಬಂದಾಗ ಮಾತ್ರ ಮುದುಕ 'ನನ್ನ ಸೊಂಟ', 'ನನ್ನ ಅಂಗೈ' ಅನ್ನುತ್ತಿದ್ದ. ನಾಲ್ಕು ವರ್ಷ ಅವಳು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಕಾಲೇಜಿನಲ್ಲಿ ಹುಡುಗರ ಲೆಕ್ಕದಲ್ಲಿ ಚಿಕ್ಕ ತಪ್ಪು ಹಿಡಿದು ನಿಲ್ಲಿಸುತ್ತಿದ್ದ ಕಣ್ಣು ಇಲ್ಲಿ ಎಲ್ಲಿಗೆ ಹೋಗಿತ್ತೋ.

ನೆನಪಾಯಿತು: ಬುತ್ತಿಯ ಕ್ಯಾರಿಯರ್ ಹಿಡಿದು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತ ಹುಡುಗಿ, ತಾನೇ. ಅವ್ವ ಕೊಟ್ಟು ಕಳಿಸಿದ್ದಳು. ಇಂಜಿನ್ನು ಬುಸುಗುಡುತ್ತ ಬಂದು ನಿಂತಿತು, ಮೈಯೆಲ್ಲ ಕರ್ರಗಾದ ಅಪ್ಪ ಜಿಗಿದು ಇಳಿದ. ಮೇಲೆ ಎಡಗಡೆಯ ಕಿಟಕಿಯಲ್ಲಿ ಮೊಣಕೈ ಊರಿ, ಕೊರಳಿಗೆ ಬಿಳಿ ಕರ್ಚೀಫು ಕಟ್ಟಿಕೊಂಡ ಇನ್ನೊಬ್ಬ ಕೂತಿದ್ದ, ಮುಖ ತೊಳೆದಂತಿತ್ತು. ಏನೂ ಕೆಲಸ ಮಾಡದೆ ಕೂತ ಅವನು ಅಪ್ಪನ ಕೈಕೆಳಗಿನವನಿರಬೇಕು ಅಂದುಕೊಂಡಳು ಹುಡುಗಿ. ಅಪ್ಪ ಎಷ್ಟು ಒಳ್ಳೆಯವನು, ಕೈಕೆಳಗಿನವನಿಗೂ ತಾನೇ ಓಡಿಹೋಗಿ ಚಹಾ ತಂದುಕೊಡುತ್ತಾನೆ. ನನ್ನನ್ನೂ ಹತ್ತಿಸು ಎಂದು ಕೈ ಚಾಚಿದ್ದಕ್ಕೆ ಅಪ್ಪ ಎಂದೂ ಇಲ್ಲದ ಸಿಟ್ಟಿನಲ್ಲಿ, "ಹೆಣ್ಣುಡುಗ್ರು ಹತ್ತಬಾರ್ದು, ಸ್ಟೀಮ್ ಹಿಡ್ಯಂಗಿಲ್ಲ. ನಡಿ ಮನಿಗೆ" ಅಂದ. ಮೇಲಿದ್ದವನು ನಕ್ಕ. ಆ ನಗೆ ತನ್ನನ್ನು ನೋಡಿ ಬಂದದ್ದು ಎಂದು ಅವಳು ಸ್ಟೇಷನ್ ರೋಡಿನುದ್ದಕ್ಕೂ ಅಳುತ್ತ ಬಂದಿದ್ದಳು. ಈಗ, ಇಷ್ಟು ವರ್ಷದ ಮೇಲೆ, ಹಲಗೆಯ ಮೇಲೆ ಕೂತು, ಕೈಯಲ್ಲಿ ಹಿಡಿಕೆ ಹಿಡಿದುಕೊಂಡೇ ಅವಳಿಗೆ ಗೊತ್ತಾಯಿತು: ಯಾರು ಎಲ್ಲಿ ಕೂರುತ್ತಾರೆ ಎಂಬುದು ಮಗಳಿಗೆ ಕಾಣಬಾರದಾಗಿತ್ತು. ಕೈಯಿಂದ ಹಿಡಿಕೆ ಬಿಟ್ಟಳು.

"ಚಾ ಆರಾಕತ್ತೈತಿ ನೋಡು," ಎಂದು ಗಂಡ ದೊಡ್ಡಬಸವರಾಜ ಲೋಟ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದ. ಸಿರುಗುಪ್ಪದ ಗಿರಣಿಯನ್ನು ತಮ್ಮಂದಿರಿಗೆ ಬಿಟ್ಟು, ಬಳ್ಳಾರಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ದೊಡ್ಡ ಮೈಯ, ದೊಡ್ಡ ದನಿಯ ಮನುಷ್ಯ. "ಮಧುಸೂದನರಾಯರು ಫೋನ್ ಮಾಡಿದ್ರು. ನಾಲ್ಕಕ್ಕ ಕುರುಗೋಡಿಂದ ಬರ್ತಾರಂತ. ಸ್ಟೀಮ್ ಇಂಜಿನ್ ಓಡಿಸಿದ ಮನುಷ್ಯಾ, ರಿಟೈರಾದ ಮ್ಯಾಲೆ ಮಗಳ ಮನಿಯಾಗ ಕುಂತು ಕುಂತು ಬ್ಯಾಸರಾಗೇತಿ ಅಂತಾರ. ನಾ ಹೇಳೀನಿ, ನಮ್ಮ ಮಾವಾರೂ ಡ್ರೈವರ್ರು, ಅವರು ಕುಂತ ಸೀಟು ಹೆಂಗಿತ್ತೋ ಹಂಗ ಮಾಡೇವಿ, ಬಂದು ನೋಡ್ರಿ ಅಂತ."

"ಮಾಡೇವಿ ಅಂದ್ರ? ನೀವೇನು ಮಾಡೀರಿ?"

"ಕಾರ್ ಹೊರಗ ನಿಲ್ಸೀನಲ್ಲ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಮದುವೆಯ ಮಾತುಕತೆಯ ದಿನ ಅತ್ತೆ ವೀರಭದ್ರಮ್ಮ ತಮ್ಮ ಕಡೆಯವರಿಗೆಲ್ಲ ಕೇಳುವಂತೆ "ಹುಡುಗಿ ತಂದಿ ರೈಲ್ವೆ ಡ್ರೈವರ್ರು" ಎಂದಾಗ ಅಪ್ಪ ಎಲೆಯಡಿಕೆಯ ತಟ್ಟೆಯನ್ನೇ ನೋಡುತ್ತ ಕೂತಿದ್ದ. ಇಲ್ಲ ಎಂದಿರಲಿಲ್ಲ, ಹೌದೂ ಎಂದಿರಲಿಲ್ಲ. ಅದು ಅವನ ವಿನಯ ಎಂದು ಅವಳು ತಿಳಿದಿದ್ದಳು. ಬಾದನಹಟ್ಟಿಯಲ್ಲಿ ಅಪ್ಪನ ಊರಿನವರೂ ಡ್ರೈವರ್ ಗಾದಿಲಿಂಗಪ್ಪ ಅಂತಲೇ ಕರೆಯುತ್ತಿದ್ದರು. ಊರವರಿಗೆ ಇಂಜಿನ್ನಿನಿಂದ ಇಳಿದವರೆಲ್ಲ ಡ್ರೈವರ್ರೇ. ಆದರೆ ಆ ಹೆಸರನ್ನು ಅಪ್ಪನ ಮೈಗೆ ಮೊಳೆ ಹೊಡೆದು ಕೂರಿಸಿದವಳು ತಾನು. ಮದುವೆಯಾದ ಹೊಸತರಲ್ಲಿ ಜಗಳ ಬಂದಾಗಲೆಲ್ಲ, "ನಮ್ಮಪ್ಪ ಇಡೀ ರೈಲು ನಡಿಸಿದಾತ, ನಿಮ್ಮಂಗ ತೌಡು ತೂಗಿದಾತ ಅಲ್ಲ" ಎಂದು ಗಂಡನ ಬಾಯಿ ಮುಚ್ಚಿಸುತ್ತಿದ್ದಳು. ಒಂದು ಸಲ ಹಾಗೆ ಅಂದಾಗ ಅಪ್ಪ ಪಡಸಾಲೆಯಲ್ಲೇ ಇದ್ದ. ಚಪ್ಪಲಿ ಮೆಟ್ಟಿಕೊಂಡು ಊಟಕ್ಕೂ ನಿಲ್ಲದೆ ಬಸ್ಸಿಗೆ ಹೋಗಿಬಿಟ್ಟ. ಮಗಳು ಗಂಡನ ಜೊತೆ ಜಗಳವಾಡಿದ್ದು ನೋಡಲಾರದೆ ಹೋದ ಎಂದು ಅವತ್ತು ಎಲ್ಲರೂ ಅವಳಿಗೇ ಬೈದರು. ಚಹಾದ ಮೇಲೆ ಕೆನೆ ಕಟ್ಟಿತ್ತು. ಬೆರಳಲ್ಲಿ ಅದನ್ನು ಸರಿಸಿ ಕುಡಿದಳು.

ನಾಲ್ಕಕ್ಕೆ ರಾಯರು ಬರುತ್ತಾರೆ. ಒಳಗೆ ಕಾಲಿಟ್ಟ ಕೂಡಲೆ ಅವರಿಗೆ ಗೊತ್ತಾಗುತ್ತದೆ. ಇದು ಫೈರ್‌ಮನ್ ಸೀಟಲ್ಲವೇನಮ್ಮ, ಇದನ್ನ ಡ್ರೈವರ್ ಸೀಟು ಅಂತ ನಿಮಗೆ ಯಾರು ಹೇಳಿದರು, ಎಂದು ಕೇಳುತ್ತಾರೆ. ಗಂಡ ಅಲ್ಲೇ ನಿಂತಿರುತ್ತಾನೆ. ಅಪ್ಪ ಪಡಸಾಲೆಯಲ್ಲಿ ಕೂತಿರುತ್ತಾನೆ, ಆ ದೊಡ್ಡ ದನಿಗಳೆಲ್ಲ ಅಲ್ಲಿಗೆ ಕೇಳಿಸುತ್ತವೆ. ಎಂಬತ್ತು ದಾಟಿದ ಮುದುಕನ ಮಾನ ಒಂದು ಪ್ರಶ್ನೆಗೆ ಹೋಗುತ್ತದೆ. ಅದು ಬೇಡವೆಂದರೆ ಡ್ರೈವರ್ ಸೀಟನ್ನು ಈಗಲೇ ಎಡಗಡೆಗೆ ಸಾಗಿಸಬೇಕು, ತಂತಿ, ಟಿ.ವಿ. ಎಲ್ಲ ಬದಲಿಸಬೇಕು. ಹಾಗೆ ಮಾಡಿದರೆ ರಾಯರಿಗೆ ಏನೂ ತಿಳಿಯುವುದಿಲ್ಲ, ಗಂಡನಿಗೂ ತಿಳಿಯುವುದಿಲ್ಲ. ಆದರೆ ಮಗಳಿಗೆ ಗೊತ್ತಾಯಿತೆಂದು ಅಪ್ಪನಿಗೆ ಗೊತ್ತಾಗುತ್ತದೆ. ಊರಿನ ಮುಂದೆ ಹೋಗುವ ಮಾನ ದೊಡ್ಡದೋ, ಮಗಳ ಮುಂದೆ ಹೋಗುವುದು ದೊಡ್ಡದೋ? ಬರಬೇಡಿ, ಕರೆಂಟಿಲ್ಲ, ಎಂದು ರಾಯರಿಗೆ ಫೋನ್ ಮಾಡಿಬಿಡಬಹುದು. ಫೋನ್ ಕೈಗೆ ತೆಗೆದುಕೊಂಡಳು. ಆಗ ಈ ಕೋಣೆ ಹೀಗೇ ತಪ್ಪಾಗಿ, ಎದ್ದು ಕೂತು ಓಡಿಸುವ ಆಟದ ಸಾಮಾನಾಗಿ ಉಳಿಯುತ್ತದೆ. ಅಪ್ಪನ ಕೈ ತೋರಿಸಿದ ಒಂದೊಂದು ಗುರುತೂ ನಿಜವಿತ್ತು. ತಪ್ಪು ಅವನ ಕೈಯದಲ್ಲ, ಆ ಸೀಟಿಗೆ ತಾನು ಇಟ್ಟ ಹೆಸರಿನದು. ಸರಿಯಾದದ್ದನ್ನು ತಪ್ಪು ಹೆಸರಿನಲ್ಲಿ ಇಟ್ಟುಕೊಳ್ಳುವುದು ಅವಳಿಂದ ಆಗದ ಮಾತು. ಫೋನ್ ಮಾಡಿದ್ದು ರಾಯರಿಗಲ್ಲ, ಎರ್ರಿಗೆ.

ಎರ್ರಿ ಕೌಲ್ ಬಜಾರಿನಿಂದ ಆಟೋದಲ್ಲಿ ಮಷಿನ್ನು ಹೇರಿಕೊಂಡು ಬಂದ. "ಭಾನುವಾರನೂ ಬಿಡಂಗಿಲ್ಲ ನೋಡ್ರಿ ಮೇಡಮ್ಮಾರು," ಎಂದು ಗೊಣಗುತ್ತಲೇ ಹಲಗೆ ಕಿತ್ತ, ಬಲಗಡೆಯ ಸೀಟಿನ ಕುಶನ್ ಬಿಚ್ಚಿದ, ಎಡಗಡೆಗೆ ಕಬ್ಬಿಣದ ಕಾಲು ಬೆಸೆಯಲು ಸುರುಮಾಡಿದ. ಕತ್ತರಿಸುವ ಮಷಿನ್ನಿನ ಕಿರುಚಾಟ ಓಣಿಗೆಲ್ಲ ಕೇಳಿಸಿತು. ಮೀನಾಕ್ಷಿ ನೆಲಕ್ಕೆ ಕೂತು ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದಾಗ ಬಾಗಿಲಿನ ಬೆಳಕಿಗೆ ಅಡ್ಡ ಬಂದು ಯಾರೋ ನಿಂತರು. ಪಂಚೆ, ಬನಿಯನ್ನು, ಊರುಗೋಲು. ಗಾದಿಲಿಂಗಪ್ಪ ಕಿತ್ತ ಸೀಟಿನ ಗುರುತನ್ನು ನೋಡಿದ, ಎಡಗಡೆಯ ಹೊಸ ಕಾಲನ್ನು ನೋಡಿದ. ಎರ್ರಿ ಮಷಿನ್ನು ನಿಲ್ಲಿಸಿದ. ಅಪ್ಪನಿಗೆ ಎಂದೂ ಹೆದರದ ಮೀನಾಕ್ಷಿ ಕಣ್ಣನ್ನು ಕೈಯಲ್ಲಿದ್ದ ತಂತಿಗೆ ಇಳಿಸಿದಳು.

"ಯಾಕವ್ವಾ, ಸೀಟ್ ಕೀಳಾಕತ್ತೀಯಲ್ಲ?"

"ಅಲ್ಲಿಂದ ಕೈಗೆ ಸಿಗವಲ್ದು ಯಪ್ಪಾ," ಅಂದಳು. ಅಷ್ಟೇ ಹೇಳಬೇಕೆಂದು ಬೆಳಿಗ್ಗೆಯಿಂದ ಸಿದ್ಧ ಮಾಡಿಟ್ಟುಕೊಂಡಿದ್ದಳು. ಆದರೆ ಬಾಯಿ ಅಲ್ಲಿಗೇ ನಿಲ್ಲಲಿಲ್ಲ. "ಇಲ್ಲಿಂದ ಸಿಗತೈತಿ."

ಮುದುಕ ತುಟಿ ಒಣಗಿದವನಂತೆ ನಾಲಿಗೆ ಆಡಿಸಿದ. "ಸಿಗಬೇಕಲ್ಲ ಮತ್ತ," ಅಂದ ಗಾದಿಲಿಂಗಪ್ಪ. ಊರುಗೋಲು ಕುಟ್ಟುತ್ತ ಹಿಂದಿರುಗಿ ಹೋದ. ಒಳಗೆ ಅವನ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಬಂತು. ಮೀನಾಕ್ಷಿಯ ಕೈಯೊಳಗಿನ ತಂತಿಯ ತುದಿ ಬೆರಳಿಗೆ ಚುಚ್ಚಿ ರಕ್ತ ಬಂದಿತ್ತು. ತಾನು ಮಾಡಿದ್ದು ಸರಿ ಎಂದು ಅವಳಿಗೆ ಅನ್ನಿಸಿತು, ಮಾಡಬಾರದಿತ್ತು ಎಂದೂ ಅನ್ನಿಸಿತು, ಎರಡೂ ಒಟ್ಟಿಗೆ. "ಎರ್ರಿ, ಯಾಕ ನಿಂತಿ? ನಡಿಸು," ಅಂದಳು.

ಮಧ್ಯಾಹ್ನ ಅಪ್ಪ ಊಟಕ್ಕೆ ಬರಲಿಲ್ಲ. ಹಸಿವಿಲ್ಲವಂತೆ. ಜೋಳದ ರೊಟ್ಟಿ, ಪುಂಡಿಪಲ್ಯ ತಟ್ಟೆಯಲ್ಲಿ ಮುಚ್ಚಿಟ್ಟು ಅವಳು ಮತ್ತೆ ಶೆಡ್ಡಿಗೆ ಹೋದಳು. ದೊಡ್ಡ ಟಿ.ವಿ.ಯನ್ನು ಎಡಗಡೆಯ ಕಿಟಕಿಗೆ ಸಾಗಿಸಿದ್ದಾಯಿತು. ಬಲಗಡೆಯ ಕಿಟಕಿ ಖಾಲಿಯಾಗಿ ಕಂಡಿತು, ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಪಡಸಾಲೆಗೆ ಹೋಗಿ ಗಂಡ ಕ್ರಿಕೆಟ್ ನೋಡುತ್ತಿದ್ದ ಟಿ.ವಿ.ಯನ್ನು ಗೋಡೆಯಿಂದ ಇಳಿಸತೊಡಗಿದಳು.

"ಏ, ಏ, ಕಡೇ ಓವರ್ ಐತಿ!"

"ನಿಮ್ಮ ಮಾವಾರಿಗೆ ಕಿಟಕಿ ಬೇಕು."

"ಮಾವಾರಿಗೆ ಯಾಕ ಬೇಕು? ನಾಲ್ಕು ವರ್ಷದಾಗ ಒಂದು ದಿನ ಹತ್ತಿಲ್ಲ ಅವರು." ದೊಡ್ಡಬಸವರಾಜ ಹಾಗೆಂದರೂ ಎದ್ದು ಟಿ.ವಿ.ಯ ಇನ್ನೊಂದು ಬದಿ ಹಿಡಿದ. ಅದು ನಿಜವಿತ್ತು. ಅಳತೆ ಕೊಟ್ಟ ಮೇಲೆ, ಕೋಣೆ ಎದ್ದು ನಿಂತ ಮೇಲೆ, ಮೊಣಕಾಲು ನೋವೆಂದು ಹೇಳಿ ಅಪ್ಪ ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲಿಗೆ ನಿಂತು ನೋಡಿ ಹೋಗುತ್ತಿದ್ದ. ಮಗಳು ಬಲಗಡೆಯ ಸೀಟಿನಲ್ಲಿ ಕೂತು ಎದ್ದು ಕೂತು ಓಡಿಸುವುದನ್ನು ಅಲ್ಲಿಂದಲೇ ನೋಡಿರಬೇಕು. ಹೇಳಲೋ ಬೇಡವೋ ಎಂದು ಎಷ್ಟು ಸಲ ಅಂದುಕೊಂಡನೋ.

ಮಧುಸೂದನರಾಯರು ಸಮಯಕ್ಕೆ ಸರಿಯಾಗಿ ಬಂದರು. ಸಣ್ಣ ದೇಹ, ಹಣೆಯಲ್ಲಿ ಅಕ್ಷತೆ, ಕಾಲಲ್ಲಿ ರೈಲ್ವೆಯ ಕಾಲದ್ದೇ ಇರಬಹುದಾದ ದಪ್ಪ ಬೂಟು. ಒಳಗೆ ಕಾಲಿಡುವ ಮುಂಚೆ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಎಡಗಡೆಯ ಸೀಟಿನಲ್ಲಿ ಕೂತು ಹಿಡಿಕೆ ಹಿಡಿದು, ಒಂದೊಂದನ್ನೂ ಮುಟ್ಟಿ ನೋಡಿದರು. "ಅಮ್ಮಾ, ಇದನ್ನ ಯಾರಿಗೆ ಕೇಳಿ ಮಾಡಿಸಿದ್ರಿ?" ಮೀನಾಕ್ಷಿ ಅಪ್ಪನ ಕೋಣೆಯ ಕಡೆ ತಿರುಗಿ ನೋಡುವುದರೊಳಗೆ ರಾಯರೇ ಮುಂದುವರಿಸಿದರು. "ಎಲ್ಲಾ ಕರೆಕ್ಟ್ ಅದೆ. ಅದರಾಗೂ ಆ ಫೈರ್‌ಮನ್ ಕಡೆ ನೋಡ್ರಿ, ನೀರಿನ ಗಾಜು, ಸರಪಳಿ, ಕೈ ಎಲ್ಲಿಗೆ ಹೋಗಬೇಕೋ ಅಲ್ಲೇ ಅದೆ. ಡ್ರೈವರ್‌ಗಳಿಗೆ ಆ ಕಡೆಯದು ಇಷ್ಟು ನೆನಪಿರೋದಿಲ್ಲ." ದೊಡ್ಡಬಸವರಾಜ ಉಬ್ಬಿಹೋದ. "ನಮ್ಮ ಮಾವಾರು ಹೇಳಿ ಮಾಡ್ಸಿದ್ರಿ. ಕರಿತೀನಿ ತಡೀರಿ," ಎಂದು ಮೀನಾಕ್ಷಿ ಬೇಡ ಎನ್ನುವುದರೊಳಗೆ ಒಳಗೆ ಹೋಗಿ ಮುದುಕನನ್ನು ಕರೆದುಕೊಂಡೇ ಬಂದ.

ಗಾದಿಲಿಂಗಪ್ಪ ಅಂಗಿ ಹಾಕಿಕೊಂಡಿದ್ದ. ರಾಯರು ಸೀಟಿನಿಂದ ಎದ್ದು ಕೈ ಮುಗಿದು, "ಬರ್ರಿ ಹಿರಿಯರು, ನಿಮ್ಮ ಸೀಟಿಗೆ ನೀವು ಬರ್ರಿ," ಎಂದು ಎಡಗಡೆಯ ಸೀಟು ತೋರಿಸಿದರು. ಗಂಡ ನಗುತ್ತ ನಿಂತಿದ್ದ. ಅಪ್ಪ ಮೆಟ್ಟಿಲ ಹತ್ತಿರ ನಿಂತು ಆ ಸೀಟನ್ನೇ ನೋಡುತ್ತಿದ್ದ. ಒಂದು ಕ್ಷಣ ಅವನು ಹೋಗಿ ಅಲ್ಲಿ ಕೂತೇಬಿಡುತ್ತಾನೆ ಎನ್ನಿಸಿತು ಮೀನಾಕ್ಷಿಗೆ. ಕೂತರೆ ಯಾರಿಗೂ ಗೊತ್ತಾಗುವುದಿಲ್ಲ, ತಾನೂ ಸುಮ್ಮನಿರುತ್ತೇನೆ, ಸಾಯುವ ತನಕ ಸುಮ್ಮನಿರುತ್ತೇನೆ. ಆದರೆ ಅವನು ಕೂತು ಹಿಡಿಕೆ ಹಿಡಿದಾಗ ಅವನ ಮುಖ ನೋಡುವುದು ತನ್ನಿಂದಾಗದು. ಅವಳು ಮುಂದೆ ಬಂದು ರಾಯರು ತೆರವು ಮಾಡಿದ ಸೀಟಿನಲ್ಲಿ ತಾನೇ ಕೂತುಬಿಟ್ಟಳು. "ಕ್ಷಮಿಸ್ರಿ ರಾಯರ. ಇವತ್ತು ಡ್ರೈವರ್ ನಾನು," ಅಂದಳು. ಧ್ವನಿ ತರಗತಿಯಲ್ಲಿ ಬರುವಂತೆ ಬಂತು.

ರಾಯರು ಪೆಚ್ಚಾದರು. ದೊಡ್ಡಬಸವರಾಜ "ಇದೇನಿದು" ಎಂದು ಬಾಯಿ ತೆರೆದ. ಗಾದಿಲಿಂಗಪ್ಪ ಊರುಗೋಲನ್ನು ಅಳಿಯನ ಕೈಗೆ ಕೊಟ್ಟ, ಕಂಬಿ ಹಿಡಿದು ಮೆಟ್ಟಿಲು ಹತ್ತಿದ, ಯಾರನ್ನೂ ನೋಡದೆ ಬಲಗಡೆಗೆ ಹೋಗಿ ನಿಂತ. ಕಾಲು ಅಗಲಿಸಿ, ಒಂದು ಭುಜ ಒಲೆಯ ಕಡೆಗೆ ತಿರುಗಿಸಿ ನಿಂತ ಆ ನಿಲುವನ್ನು ನೋಡಿ ರಾಯರ ಕಣ್ಣು ಕಿರಿದಾಯಿತು. ಅವರಿಗೆ ಗೊತ್ತಾಯಿತೆ? ಗೊತ್ತಾಗಿದ್ದರೆ ಮುಖದ ಮೇಲೆ ತೋರಿಸಲಿಲ್ಲ. "ಹಂಗಾದ್ರೆ ಸರಿ. ಇಬ್ಬರಿದ್ರೇನೇ ಇಂಜಿನ್ನು," ಎಂದು ಹಿಂದೆ ಸರಿದು ಗೋಡೆಗೆ ಒರಗಿದರು. "ಒಂದು ಮಾತು ಅಮ್ಮಾ. ಬಲಕ್ಕೆ ತಿರುವು ಬಂದಾಗ ನಿಮಗೆ ಬಾಯ್ಲರ್ ಅಡ್ಡ ಬರ್ತದೆ, ಸಿಗ್ನಲ್ ಕಾಣೋದಿಲ್ಲ. ಆಗ ಫೈರ್‌ಮನ್ನಿಗೆ ಕೂಗಿ ಕೇಳಬೇಕು. ಆತ ನೋಡಿ ಕೂಗಿ ಹೇಳ್ತಾನೆ. ಕಾಣಲಿಲ್ಲ ಅಂದ್ರೆ ಕೆಂಪು ಅಂತಾನೇ ತಿಳ್ಕೊಂಡು ನಿಲ್ಲಿಸಬೇಕು."

ಮೀನಾಕ್ಷಿ ಹಿಡಿಕೆ ಎಳೆದಳು. ಈ ಸಲ ಏಳಬೇಕಾಗಲಿಲ್ಲ. ಪ್ಲಾಟ್‌ಫಾರ್ಮು ಸರಿಯಿತು, ಊರಿನ ಹೊರಗಿನ ಕಲ್ಲುಗುಡ್ಡಗಳು ಸರಿದವು. ಅಪ್ಪ ಒಲೆಯ ಬಾಗಿಲಿನ ಸರಪಳಿ ಎಳೆದ. ಇದ್ದಿಲು ತುಂಬಿದ ಸಲಿಕೆ ಎತ್ತುವಾಗ ಕೈ ನಡುಗಿತು, ಎಸೆಯುವಾಗ ನಡುಗಲಿಲ್ಲ. ಉಗಿಯ ಮುಳ್ಳು ಏರಿತು. ಹಾಗೆ ಹಗರಿ ಹೊಳೆಯ ಹತ್ತಿರದ ತನಕ ಬಂದರು. ಅಲ್ಲಿ ಬಲಕ್ಕೆ ದೊಡ್ಡ ತಿರುವು; ಆ ದಾರಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಿದವಳು ಅವಳೇ. ಎದುರಿನ ಟಿ.ವಿ.ಯ ತುಂಬ ಬಾಯ್ಲರಿನ ಕರಿ ಮೈ ಬಂದು ದಾರಿ ಮುಚ್ಚಿತು. ಸೇತುವೆಯ ಮುಂಚಿನ ಸಿಗ್ನಲ್ ಅದರಾಚೆಗಿತ್ತು.

"ಯಪ್ಪಾ, ಸಿಗ್ನಲ್?" ಎಂದು ಕೂಗಿದಳು.

ಮುದುಕ ಬಲಗಡೆಯ ಕಿಟಕಿಗೆ ಮುಖ ತಂದ. ಕನ್ನಡಕ ತೆಗೆದ, ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿದ. ಗಾಲಿಗಳ ಸದ್ದು ಸ್ಪೀಕರ್ ಪೆಟ್ಟಿಗೆಯಿಂದ ಒಂದೇ ಸಮನೆ ಬರುತ್ತಿತ್ತು.

"ಸಿಗ್ನಲ್ ಏನೈತಿ ಯಪ್ಪಾ?"

"ಕಾಣವಲ್ದು," ಅಂದ ಗಾದಿಲಿಂಗಪ್ಪ.

ಅವಳು ಉಗಿಯ ಹಿಡಿಕೆ ಮುಚ್ಚಿ ಬ್ರೇಕನ್ನು ಪೂರ್ತಿ ಎಳೆದಳು. ಗಾಲಿಗಳ ಸದ್ದು ನಿಧಾನವಾಯಿತು, ನಿಂತಿತು.

"ಅವಾಗನೂ ಕಾಣ್ತಿದ್ದಿಲ್ಲ," ಅಂದ ಅಪ್ಪ, ಕಿಟಕಿಯಿಂದ ಮುಖ ತಿರುಗಿಸದೆ. "ಬೆಂಕಿ ನೋಡಿ ನೋಡಿ ಕಣ್ಣು ಹೋಗಿದ್ದುವು. ಡ್ರೈವರ್ ಪರೀಕ್ಷಾಕ್ಕ ಡಾಕ್ಟರು ದೀಪ ತೋರ್ಸಿದ್ರು, ಕೆಂಪ್ಯಾವ್ದು ಹಸರ್ಯಾವ್ದು ತಿಳೀಲಿಲ್ಲ. ಇಂಜಿನ್‌ನಿಂದನೂ ಇಳಿಸಿ ಶೆಡ್ಡಿನಾಗ ಕಲ್ಲಿದ್ದಲು ನೋಡ್ಕೋಳಾಕ ಹಾಕಿದ್ರು. ಮನಿಗೆ ಬರುವಾಗ ಮೈ ಮೊದಲಿನಂಗ ಕರ್ರಗ ಇರ್ತಿತ್ತಲ್ಲ, ನಿಮ್ಮವ್ವ ಕೇಳ್ಲಿಲ್ಲ. ನಾ ಹೇಳ್ಲಿಲ್ಲ." ಕಿಟಕಿಯ ಅಂಚಿಗೆ ಕೈ ಊರಿ, "ನಾ ಡ್ರೈವರ್ ಅಲ್ಲವ್ವಾ," ಅಂದ.

ದೊಡ್ಡಬಸವರಾಜ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ರಾಯರು ತಮ್ಮ ಬೂಟುಗಳನ್ನು ನೋಡಿಕೊಳ್ಳುತ್ತಿದ್ದರು. ಮೀನಾಕ್ಷಿಗೆ ಎದ್ದು ಹೋಗಿ ಅಪ್ಪನ ಕೈ ಹಿಡಿಯಬೇಕೆನ್ನಿಸಿತು. ಆದರೆ ನಿಂತ ರೈಲನ್ನು ಬಿಟ್ಟು ಡ್ರೈವರು ಏಳುವಂತಿಲ್ಲ. ಬ್ರೇಕಿನ ಮೇಲಿನ ಕೈ ತೆಗೆಯಲಿಲ್ಲ.

"ಕಾಣವಲ್ದು ಅಂದಿ, ನಿಲ್ಸಿದ್ನಲ್ಲ ಯಪ್ಪಾ," ಅಂದಳು. "ಇನ್ನೇನ್ ಬೇಕು."

ಗಾದಿಲಿಂಗಪ್ಪ ತಿರುಗಿ ಮಗಳನ್ನು ನೋಡಿದ. ಆಮೇಲೆ ಅವಳ ಎದುರಿನ ಉಗಿಯ ಮುಳ್ಳನ್ನು ನೋಡಿದ, ಅದು ಕೆಳಗೆ ಇಳಿಯುತ್ತಿತ್ತು. "ಬಂಡಿ ನಿಂತ್ರ ಬೆಂಕಿ ನಿಲ್ಲಬಾರ್ದು. ಸಿಗ್ನಲ್ ಎಷ್ಟೊತ್ತಿಗೆ ಬಿಡ್ತಾರೋ ಏನೋ," ಎಂದು ಗೊಣಗುತ್ತ ಅಂಗಿಯ ತೋಳು ಮೇಲಕ್ಕೇರಿಸಿದ. ಸಲಿಕೆ ತುಂಬ ಇದ್ದಿಲು ಎತ್ತಿ ಒಲೆಯೊಳಗೆ ಎಸೆದ, ಇನ್ನೊಂದು ಎತ್ತಿದ.